ಭಾವ ಮಿಕ್ಸಿ ಬಿಚ್ಚಿದ್ದು

ನನ್ನ ಭಾವನಿಗೆ ಯಂತ್ರಗಳೆಂದರೆ ಅಪಾರ ಗೌರವ. ಆ ಗೌರವ ಎಷ್ಟೆಂದರೆ ಕಾರ್ಖಾನೆಯಲ್ಲಿ ಕೂದಲು ಹಣ್ಣಾಗುವಷ್ಟು ಕಾಲ ದುಡಿದೂ ಅವರು ಅಲ್ಲಿನ ಒಂದು ಯಂತ್ರವನ್ನೂ ಬೆರಳ ತುದಿಯಿಂದಲಾದರೂ ಮುಟ್ಟಿದವರಲ್ಲ. ಮುಟ್ಟಬೇಡಿ ಎಂದು ಉಳಿದವರಿಗೆ ಹೇಳುವುದೇ ಅವರ ಕೆಲಸ. ಸುರಕ್ಷತಾ ವಿಭಾಗದ ಗುಮಾಸ್ತರು. ‘ಅಪಾಯ’, ‘ಮುಟ್ಟಬೇಡಿ’, ‘ಅನುಮತಿಯಿಲ್ಲದೆ ತೆರೆಯಬಾರದು’ ಎಂಬ ಹಳದಿ ಚೀಟಿಗಳನ್ನು ಅಚ್ಚು ಹಾಕಿಸಿ ಕಾರ್ಖಾನೆಯ ತುಂಬ ಅಂಟಿಸುತ್ತಾರೆ. ಅಂಟಿಸಿ ಮಿಕ್ಕವು ಮನೆಗೆ ಬರುತ್ತವೆ. ಫ್ರಿಜ್ಜಿನ ಬೆನ್ನಿಗೆ, ಗೀಸರಿನ ಹೊಟ್ಟೆಗೆ, ಇಸ್ತ್ರಿಪೆಟ್ಟಿಗೆಯ ಹಿಡಿಗೆ ಎಲ್ಲ ಕಡೆ ಅವೇ. ಮದುವೆಯಾದ ಹೊಸತರಲ್ಲಿ ನಮ್ಮ ಅಕ್ಕ ಇವನ್ನು ನೋಡಿ ಬಿದ್ದು ಬಿದ್ದು ನಗುತ್ತಿದ್ದಳು. ಈಗ ನಗುವುದಿಲ್ಲ.

ನಾನು ಅವರ ಮನೆಯ ಮಹಡಿಯ ಕೋಣೆಯಲ್ಲಿದ್ದೇನೆ. ಊಟ ತಿಂಡಿ ಕೆಳಗೆ ಅಕ್ಕನ ಕೈಯದು. ನನ್ನ ಕೆಲಸ ಸಂಜೆ ಪಾಳಿಯದಾದ್ದರಿಂದ ಈ ಮನೆಯ ಬೆಳಗಿನ ಅನಾಹುತಗಳೆಲ್ಲ ನನ್ನ ಕಣ್ಣೆದುರಿಗೇ ಆಗುತ್ತವೆ. ಮಿಕ್ಸಿಯ ವಿಷಯವೂ ಹಾಗೆಯೇ.

ಮಿಕ್ಸಿ ಕೆಟ್ಟರೆ ಬೇರೆಯವರ ಮನೆಯಲ್ಲಿ ಆಕಾಶ ಕಳಚಿ ಬೀಳುವುದಿಲ್ಲ. ನಮ್ಮಲ್ಲಿ ಬೀಳುವ ಹಾಗಿತ್ತು. ಭಾವನ ಅಪ್ಪ, ಅಂದರೆ ಅಕ್ಕನ ಮಾವ, ನಾನೂ ಮಾವ ಎಂದೇ ಕರೆಯುತ್ತೇನೆ, ಆಗಷ್ಟೇ ಗಂಟಲಿನ ಆಪರೇಷನ್ ಮುಗಿಸಿಕೊಂಡು ಮನೆಗೆ ಬಂದಿದ್ದರು. ನಿವೃತ್ತ ಬಸ್ ಕಂಡಕ್ಟರ್. ಒಂದು ಕಾಲದಲ್ಲಿ ಅವರು ಹಿಂದಿನ ಬಾಗಿಲಲ್ಲಿ ನಿಂತು ‘ಒಳಗೆ ಹೋಗಿ’ ಎಂದರೆ ಡ್ರೈವರ್ ಕೂಡ ಒಂದಿಷ್ಟು ಮುಂದಕ್ಕೆ ಸರಿಯುತ್ತಿದ್ದನಂತೆ. ಈಗ ಅವರ ಗಂಟಲಿನಿಂದ ಬರುವುದು ಬರೀ ಪಿಸುಮಾತು, ಅದೂ ಕಷ್ಟಪಟ್ಟರೆ. ಗಟ್ಟಿಯಾದದ್ದು ಒಂದು ಅಗುಳೂ ಇಳಿಯುವಂತಿಲ್ಲ. ಬೇಯಿಸಿದ್ದನ್ನೆಲ್ಲ ನುಣ್ಣಗೆ ರುಬ್ಬಿ, ತೆಳ್ಳಗೆ ಮಾಡಿ, ಬಟ್ಟಲಿನಲ್ಲಿ ಕೊಡಬೇಕು. ಇನ್ನೂ ತೂಕ ಇಳಿದರೆ ಮತ್ತೆ ಆಸ್ಪತ್ರೆಗೆ ಸೇರಿಸಿ ಮೂಗಿನಿಂದ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಳಿಕೆ ಎಂಬ ಮಾತು ಕೇಳಿದರೆ ಮಾವನ ಕಣ್ಣಲ್ಲಿ ನೀರು ಬರುತ್ತಿತ್ತು. ಅಕ್ಕ ಮಾತ್ರ ದಿನವೂ ಅವರ ಹಿಂದೆ ಬಿದ್ದು, ಗದರಿ, ರಮಿಸಿ, ಬಟ್ಟಲು ಖಾಲಿ ಮಾಡಿಸುತ್ತಿದ್ದಳು.

ಆಪರೇಷನ್ ಆದಾಗ ನೋಡಲು ಯಾರೂ ಬರಲಿಲ್ಲ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಹೊಟ್ಟೆ ಉರಿಯುತ್ತಿರುವುದು ಅದಕ್ಕೇ. ಮಾವನ ಕಿರಿಮಗ ಇದೇ ಊರಿನ ಇನ್ನೊಂದು ತುದಿಯಲ್ಲಿ ಒಂದು ಗೋದಾಮಿನ ಮೇಲ್ವಿಚಾರಕ. ಅವನಿಗೆ ರಜೆ ಸಿಗಲಿಲ್ಲ. ಮಾವನ ತಂಗಿಗೆ ಮಂಡಿನೋವು. ಬೀದಿಯವರಿಗೆ ಬಿಡುವಿರಲಿಲ್ಲ. ಮಾವ ಮಾತ್ರ ಗೇಟಿನ ಸದ್ದಾದಾಗಲೆಲ್ಲ ತಲೆ ಎತ್ತಿ ನೋಡುತ್ತಿದ್ದರು. ಬರುತ್ತಿದ್ದವನು ಹಾಲಿನವನು.

ಆ ದಿನ ಭಾವನಿಗೆ ವಾರದ ರಜೆ. ಬೆಳಿಗ್ಗೆ ಅಕ್ಕ ಬೇಯಿಸಿದ ಕ್ಯಾರೆಟ್ಟು, ಆಲೂಗಡ್ಡೆ, ಬಟಾಣಿಯನ್ನು ಜಾರಿಗೆ ಹಾಕಿ ಮಿಕ್ಸಿಯ ಗುಬುಟು ತಿರುಗಿಸಿದಳು. ಮಿಕ್ಸಿ ಗುರ್ ಎಂದು ಒಂದು ಸುತ್ತು ಹೊಡೆದು ಸುಮ್ಮನಾಯಿತು. ಮತ್ತೆ ತಿರುಗಿಸಿದಳು. ಸದ್ದಿಲ್ಲ.

“ರೀ, ಮಿಕ್ಸಿ ಓಡ್ತಿಲ್ಲ,” ಎಂದಳು.

“ಯಾರೂ ಮುಟ್ಬೇಡಿ!” ಎಂದು ಕೂಗುತ್ತ ಭಾವ ಬಚ್ಚಲಿನಿಂದ ಟವೆಲಿನಲ್ಲೇ ಓಡಿಬಂದರು.

“ನಾನು ಪಕ್ಕದ ಮನೆ ಟೀಚರ್ ಹತ್ರ ಹೋಗಿ ರುಬ್ಕೊಂಡು ಬಂದ್ಬಿಡ್ತೀನಿ. ಮಾವ ನಿನ್ನೆ ರಾತ್ರೀನೂ ಅರ್ಧ ಬಟ್ಲು ಬಿಟ್ಟಿದ್ದಾರೆ. ಆಮೇಲೆ ಇದನ್ನ ಅಂಗಡಿಗೆ ಕೊಡೋಣ.”

“ಟೀಚರ್ ಮನೆಗೆ? ನನ್ನ ಮಾನ ಹರಾಜು ಹಾಕ್ಬೇಕು ಅಂತಿದ್ದೀಯಾ?”

ಇದರ ಹಿನ್ನೆಲೆ ಏನೆಂದರೆ, ಕೆಲವೇ ದಿನಗಳ ಹಿಂದೆ ಟೀಚರ್ ತಮ್ಮ ಕೆಟ್ಟ ಮಿಕ್ಸಿಯನ್ನು ಚೀಲದಲ್ಲಿ ಹಾಕಿಕೊಂಡು ರಿಪೇರಿ ಅಂಗಡಿಗೆ ಹೊರಟಾಗ ಭಾವ ಗೇಟಿಗೆ ಒರಗಿ ನಿಂತು, “ನಮ್ಮನೇಲಿ ಯಂತ್ರ ಅನ್ನೋದು ಹೊಸಲು ದಾಟಲ್ಲ ಟೀಚರ್. ಯಂತ್ರ ಕೆಡೋದಿಲ್ಲ, ಮನುಷ್ಯ ಕೆಡಿಸ್ತಾನೆ,” ಎಂದು ಭಾಷಣ ಬಿಗಿದಿದ್ದರು. ಈಗ ಅದೇ ಟೀಚರ್ ಮನೆಗೆ ಜಾರ್ ಹಿಡಿದುಕೊಂಡು ಹೋಗುವುದೆಂದರೆ! ಒಳಗೆ ಅಪ್ಪ ಹಸಿದು ಕೂತಿದ್ದಾರೆ, ಹೊರಗೆ ಮಗನ ಮಾನ ಕೂತಿದೆ. ಭಾವ ಮಾನದ ಕಡೆ ಸೇರಿದರು.

“ಕಾರ್ಖಾನೆ ಕ್ರಮದಲ್ಲಿ ಬಿಚ್ತೀನಿ. ಒಂದು ಗಂಟೆ ಕೆಲಸ,” ಎಂದು ಘೋಷಿಸಿದರು.

ಕಾರ್ಖಾನೆಯ ಕ್ರಮ ಎಂದರೇನೆಂದು ಅಂದೇ ನನಗೆ ಗೊತ್ತಾದದ್ದು. ಮೊದಲು ಇಡೀ ಮನೆಯ ಮೇನ್ ಸ್ವಿಚ್ ಆಫ್ ಆಯಿತು. “ಪ್ಲಗ್ ಕಿತ್ರೆ ಸಾಕಲ್ವಾ ಭಾವ?” ಎಂದೆ. “ಸಾಕು ಅಂದ್ಕೊಂಡವರ ಫೋಟೋಗಳನ್ನೆಲ್ಲ ನಮ್ಮ ಆಫೀಸಿನ ಗೋಡೆಗೆ ನೇತುಹಾಕಿದೀವಿ. ಬಂದು ನೋಡು,” ಎಂದರು. ಆಮೇಲೆ ಎಲ್ಲರ ಫೋನುಗಳೂ ಆಫ್, ಗಮನ ಚೆದುರಬಾರದು. ಕರೆಂಟಿಲ್ಲದ ಮನೆಯಲ್ಲಿ ಬೆಳಕು ಸಾಲದೆಂದು ಕೆಲಸ ಅಂಗಳಕ್ಕೆ ಬಂತು. ಹಜಾರದ ಉದ್ದ ಬೆಂಚನ್ನು ನಾನೂ ಅವರೂ ಹೊತ್ತು ತಂದು ನಡುವೆ ಇಟ್ಟೆವು. ಕೆಲಸಕ್ಕೆ ಸಾಕ್ಷಿಗಳಿರಬೇಕಂತೆ, ಆದ್ದರಿಂದ ಸುತ್ತ ಕುರ್ಚಿಗಳು ಬಂದವು. ಕೆಲಸದ ಜಾಗಕ್ಕೆ ಮಣ್ಣು ಬರಬಾರದಂತೆ, ಆದ್ದರಿಂದ ಚಪ್ಪಲಿಗಳೆಲ್ಲ ಗೇಟಿನ ಬಳಿ ಸಾಲಾಗಿ ನಿಂತವು. ಹೊರಗಿನವರು ನುಗ್ಗದಂತೆ ಗೇಟಿಗೆ ಅಡ್ಡಲಾಗಿ ಏನಾದರೂ ಕಟ್ಟಬೇಕಿತ್ತು. ಕಾರ್ಖಾನೆಯ ಕೆಂಪು ಪಟ್ಟಿ ಮನೆಯಲ್ಲಿರಲಿಲ್ಲ. ಅಕ್ಕನ ಹಳೆಯ ಛತ್ರಿಯಿಂದ ಹರಿದ ಕಪ್ಪು ಬಟ್ಟೆ ಸಿಕ್ಕಿತು, ಅದನ್ನೇ ಕಟ್ಟಿದರು.

ಮೊದಲ ಸಾಕ್ಷಿಯಾಗಿ ಹಿಂದಿನ ಮನೆಯ ನಿವೃತ್ತ ಲೈನ್‌ಮನ್ ಬಂದು ಕುರ್ಚಿಯಲ್ಲಿ ಕೂತ. ಯಾರ ಮನೆಯಲ್ಲಿ ಏನು ಕೆಟ್ಟರೂ ಹೋಗಿ ಕೂರುವುದು ಅವನ ಅಭ್ಯಾಸ.

ಭಾವ ಮಿಕ್ಸಿಯನ್ನು ಬೆಂಚಿನ ಮೇಲೆ ಬೋರಲು ಹಾಕಿದರು. ತಳದಲ್ಲಿ ಅವರದೇ ಹಳದಿ ಚೀಟಿ, ‘ಮುಟ್ಟಬೇಡಿ’.

“ಇದರ ಕೆಳಗೇನಿದೆ?” ಎಂದೆ.

“ಕೆಂಪು ಗುಂಡಿ. ಕಾರ್ಖಾನೇಲಿ ಕೆಂಪು ಗುಂಡಿ ಒತ್ತಿದ್ರೆ ಇಡೀ ಕಾರ್ಖಾನೆ ನಿಂತುಬಿಡುತ್ತೆ, ಗೊತ್ತಾ? ಒಂದ್ಸಲ ಯಾರೋ ಒತ್ತಿದ್ದಕ್ಕೆ ವಿಚಾರಣೆ ಆಯ್ತು. ಅದಕ್ಕೇ ಮಿಕ್ಸಿ ತಂದ ದಿನವೇ ಮುಚ್ಚಿಬಿಟ್ಟೆ.”

ಹೀಗೆ ಗುಂಡಿಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಲಾಯಿತು. ತಳದ ಮುಚ್ಚಳ, ನಾಲ್ಕು ರಬ್ಬರ್ ಕಾಲು, ಮೋಟರು, ಅದರ ಎರಡು ಪಕ್ಕದ ಕಾರ್ಬನ್ ಬ್ರಷ್ಷು, ಜಾರನ್ನು ಹಿಡಿದು ತಿರುಗಿಸುವ ಕಪ್ಲರು, ಸ್ಕ್ರೂಗಳು. ಕಾರ್ಬನ್ ಬ್ರಷ್ಷಿನ ಹಿಂದಿನ ಒಂದು ಸ್ಪ್ರಿಂಗು ಹಾರಿ ಲೈನ್‌ಮನ್ನನ ಕಾಫಿ ಲೋಟಕ್ಕೆ ಬಿತ್ತು. ಬಿಚ್ಚಿದ ಭಾಗಗಳನ್ನು ಬಿಚ್ಚಿದ ಕ್ರಮದಲ್ಲೇ ಬೆಂಚಿನ ಈ ತುದಿಯಿಂದ ಆ ತುದಿಯವರೆಗೆ ಇಡಬೇಕಂತೆ. ಒಂದು ತುದಿಗೆ ದೊಡ್ಡ ಜಾರು, ನಡುವೆ ಮೋಟರಿನ ಗುಡ್ಡೆ, ಇನ್ನೊಂದು ತುದಿಗೆ ಎರಡು ಸಣ್ಣ ಜಾರುಗಳು ಪಕ್ಕಪಕ್ಕ. ಗಾಳಿ ಎದ್ದು ಧೂಳು ಬಂದಿತು. ಭಾವ ಒಳಗಿನಿಂದ ಒಂದು ಬಿಳಿ ಹೊದಿಕೆ ತಂದು ಎಲ್ಲದರ ಮೇಲೆ ಉದ್ದಕ್ಕೂ ಹೊದಿಸಿ, ಅಂಚುಗಳನ್ನು ನೀಟಾಗಿ ಮಡಚಿ ಸಿಕ್ಕಿಸಿದರು.

ಒಳಗಿನಿಂದ ಟಕ್ ಟಕ್ ಎಂದು ಸದ್ದು ಬಂತು. ಲೈನ್‌ಮನ್ ಕಣ್ಣು ಮುಚ್ಚಿ ಆಲಿಸಿದ.

“ಬೇರಿಂಗ್ ಹೋಗಿದೆ. ಕೇಳಿ, ಹೇಗೆ ಬಡ್ಕೊಳ್ತಿದೆ!”

“ಮೋಟರು ಇಲ್ಲಿದೆ, ಕರೆಂಟೂ ಇಲ್ಲ. ಅದು ಮಾವ, ಚಮಚದಿಂದ ಮಂಚ ಬಡೀತಿದ್ದಾರೆ. ಹಸಿವಾಗಿದೆ ಅವರಿಗೆ,” ಎಂದೆ.

“ಆದ್ರೂ ಬೇರಿಂಗ್ ನೋಡ್ಬಿಡಿ,” ಎಂದ ಲೈನ್‌ಮನ್.

ನಾನು ಒಳಗೆ ಹೋದೆ. ಫ್ಯಾನಿಲ್ಲದೆ ಮಾವ ಬೆವರುತ್ತ ಮಂಚದ ಮೇಲೆ ಕೂತಿದ್ದರು. ಅಕ್ಕ ತರಕಾರಿಯನ್ನು ಸೌಟಿನಿಂದ ಅರೆದು, ಜರಡಿಯಲ್ಲಿ ಸೋಸಿ ತಂದು ಒಂದು ಚಮಚ ಕೊಟ್ಟಳು. ಎಲ್ಲೋ ಒಂದು ಚೂರು ಉಳಿದಿತ್ತು. ಮಾವ ಕೆಮ್ಮತೊಡಗಿದವರು ನಿಲ್ಲಿಸಲಾರದೆ ಹೋದರು, ಮುಖವೆಲ್ಲ ಕೆಂಪಾಯಿತು. ಅಕ್ಕ ಬೆನ್ನು ತಟ್ಟುತ್ತ ಅತ್ತೇಬಿಟ್ಟಳು. ಕೆಮ್ಮು ನಿಂತ ಮೇಲೆ ಮಾವ ಅವಳ ತಲೆ ಸವರಿ, ಪರವಾಗಿಲ್ಲ ಎನ್ನುವಂತೆ ಕೈ ಆಡಿಸಿದರು. ನಾನೇ ಟೀಚರ್ ಮನೆಗೆ ಹೋಗಿಬರುವುದೆಂದು ಹೊರಟರೆ ಟೀಚರ್ ಆಗಲೇ ಬೀಗ ಹಾಕಿ, ಬಸ್ಸಿಗೆ ಹೊತ್ತಾಯಿತೆಂದು ಓಡುತ್ತಿದ್ದರು. ಹಿಂದಿನ ಓಣಿಯಲ್ಲಿ ಓಡುತ್ತಲೇ ನನ್ನ ಮಾತು ಕೇಳಿ, “ತಳದಲ್ಲಿರೋ ಕೆಂಪು ಗುಂಡಿ ಒತ್ತಿದ್ರಾ? ಬಿಸಿಯಾದ್ರೆ ತಾನೇ ನಿಲ್ಲುತ್ತೆ, ಅದನ್ನ ಒತ್ತಿದ್ರೆ ಮತ್ತೆ ಓಡುತ್ತೆ. ನಮ್ಮದಕ್ಕೂ ಅಂಗಡಿಯವನು ಅಷ್ಟೇ ಮಾಡಿದ್ದು!” ಎಂದು ಕೂಗಿ ಬಸ್ಸು ಹತ್ತಿದರು.

ಈ ಮಾತನ್ನು ಹೊತ್ತು ನಾನು ಅಂಗಳಕ್ಕೆ ಬರುವಷ್ಟರಲ್ಲಿ ಅಲ್ಲಿ ಬೇರೆಯದೇ ಶುರುವಾಗಿತ್ತು.

ಎದುರು ಮನೆಯ ಮೂಲೆಯಲ್ಲಿ ಇಸ್ತ್ರಿಯವನ ಗಾಡಿಯಿದೆ. ಅವನ ಕಣ್ಣಿಗೆ ಕಂಡದ್ದಿಷ್ಟು: ಕಾಯಿಲೆಯ ಮುದುಕರಿರುವ ಮನೆ, ಗೇಟಿಗೆ ಕಪ್ಪು ಬಟ್ಟೆ, ಸಾಲು ಚಪ್ಪಲಿ, ಕುರ್ಚಿಗಳು, ಬೆಂಚು, ಅದರ ಮೇಲೆ ಉದ್ದಕ್ಕೆ ಬಿಳಿ ಹೊದಿಕೆ, ಒಂದು ತುದಿಗೆ ತಲೆಯಷ್ಟು ದಪ್ಪ, ಇನ್ನೊಂದು ತುದಿಗೆ ಎರಡು ಪಾದದಷ್ಟು ಎತ್ತರ, ಪಕ್ಕದಲ್ಲಿ ತಲೆ ತಗ್ಗಿಸಿ ಕೂತ ಹಿರಿಮಗ. ಕಿಟಕಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿರುವ ಸೊಸೆ. ಇನ್ನೇನು ಬೇಕು? ಅವನು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು ಕೈ ಮುಗಿದ. ಆಮೇಲೆ ಬೀದಿಯ ಎಲ್ಲ ಮನೆಗಳಿಗೂ ಇಸ್ತ್ರಿ ಬಟ್ಟೆಯ ಜೊತೆ ಸುದ್ದಿಯನ್ನೂ ಮಡಚಿ ಕೊಟ್ಟುಬಂದ. ಬೀದಿಯ ಕೊನೆಯ ಮನೆಯಾಕೆ ಮಾವನ ತಂಗಿಗೆ ಫೋನು ಮಾಡಿದಳು, ತಂಗಿ ಕಿರಿಮಗನಿಗೆ ಮಾಡಿದಳು. ಯಾರೋ ಕಾರ್ಖಾನೆಗೂ ಮಾಡಿದರು. ಖಚಿತಪಡಿಸಿಕೊಳ್ಳಲು ನಮ್ಮ ಮನೆಗೆ ಮಾಡಿದವರಿಗೆ ಫೋನು ಆಫ್ ಎಂದು ಬಂತು, ಅದೂ ಖಚಿತವೇ ಆಯಿತು.

ಜನ ಒಬ್ಬೊಬ್ಬರಾಗಿ ಬಂದರು, ಮನೆಗೆ ಬೀಗ ಹಾಕಿಕೊಂಡು, ಚಪ್ಪಲಿ ಬಿಟ್ಟು, ದನಿ ತಗ್ಗಿಸಿ. ಭಾವನಿಗೆ ಆಶ್ಚರ್ಯ, ಹೆಮ್ಮೆ ಎರಡೂ. ಬೀದಿಗೆ ಬೀದಿಯೇ ತಮ್ಮ ರಿಪೇರಿ ನೋಡಲು ಬಂದಿದೆ, ಅದೂ ಇಷ್ಟು ಶಿಸ್ತಾಗಿ!

“ಧೈರ್ಯ ತಗೊಳ್ಳಿ,” ಎಂದರು ಮೂಲೆಮನೆಯ ಹಿರಿಯರು.

“ಧೈರ್ಯಕ್ಕೇನು ಕಮ್ಮಿಯಿಲ್ಲ, ಒಂದು ಸ್ಪ್ರಿಂಗ್ ಕಮ್ಮಿಯಿದೆ,” ಎಂದರು ಭಾವ. ಹಿರಿಯರು ನಿಟ್ಟುಸಿರು ಬಿಟ್ಟು, ಆಘಾತದಲ್ಲಿ ಮನುಷ್ಯ ಏನೇನೋ ಆಡುತ್ತಾನೆ ಎಂದು ಪಕ್ಕದವರಿಗೆ ಹೇಳಿದರು.

ನನಗೆ ವಿಷಯ ಅರ್ಥವಾದದ್ದು ಒಬ್ಬಾಕೆ ಬೆಂಚಿನ ಮುಂದೆ ನಿಂತು ಸೆರಗಿನಿಂದ ಮೂಗೊರೆಸಿಕೊಂಡಾಗ. ಓಡಿಹೋಗಿ ಹೇಳಿದೆ, “ಅಮ್ಮಾ, ಮಾವ ಚೆನ್ನಾಗಿದ್ದಾರೆ!”

“ಹೌದಪ್ಪ, ಈಗ ಚೆನ್ನಾಗಿದ್ದಾರೆ. ನೋವಿಲ್ಲ, ನರಳಾಟ ಇಲ್ಲ.”

“ಹಾಗಲ್ಲಮ್ಮ, ಒಳಗಿದ್ದಾರೆ! ಊಟಕ್ಕೆ ಕಾಯ್ತಿದ್ದಾರೆ!”

“ಪಾಪ, ಈ ಹುಡುಗ ಅವರನ್ನ ತುಂಬಾ ಹಚ್ಕೊಂಡಿದ್ದ ಅಂತ ಕಾಣುತ್ತೆ. ಯಾರಾದ್ರೂ ಇವನಿಗೆ ನೀರು ಕೊಡ್ರಪ್ಪ,” ಎಂದಳು. ನನ್ನನ್ನು ಹಿಡಿದು ಕೂರಿಸಿ ನೀರು ಕುಡಿಸಿದರು. ನಾನು ಏನು ಹೇಳಿದರೂ ಬೆನ್ನು ಸವರುತ್ತಿದ್ದರು. ಬದುಕಿದ್ದಾಗ ಬಾಗಿಲಿಗೆ ಬಾರದವರು ಈಗ ಬದುಕಿದ್ದಾರೆ ಎಂದರೂ ನಂಬಲೊಲ್ಲರು. ನನಗೆ ಮೈಯೆಲ್ಲ ಉರಿಯಿತು. ಭಾವನ ಕಿವಿಯಲ್ಲಿ ಹೇಳಹೋದರೆ ಅವರು ತುಟಿಗೆ ಬೆರಳಿಟ್ಟು, “ಕೆಲಸದ ಹೊತ್ತಲ್ಲಿ ಮಾತು ಬೇಡ,” ಎಂದರು. ನಿಜ ಗೊತ್ತಿದ್ದ ಲೈನ್‌ಮನ್ ಲೋಟ ಬಿಟ್ಟು ಬೇರಿಂಗ್ ತರಲು ಅಂಗಡಿಗೆ ಹೋಗಿದ್ದ.

ಅಷ್ಟರಲ್ಲಿ ಕಾರ್ಖಾನೆಯ ಆಡಳಿತಾಧಿಕಾರಿಗಳೇ ಕಾರಿನಿಂದ ಇಳಿದರು, ಹಿಂದೆ ಡ್ರೈವರ್ ದೊಡ್ಡದೊಂದು ಹೂವಿನ ಹಾರ ಹಿಡಿದುಕೊಂಡು. ಭಾವನ ಮುಖ ಅರಳಿತು. ವರ್ಷಗಳಿಂದ ಅವರು ಉತ್ತಮ ಸುರಕ್ಷತಾ ನೌಕರ ಎಂಬ ಬಿರುದಿಗೆ ಅರ್ಜಿ ಹಾಕುತ್ತಲೇ ಇದ್ದರು. ಕೈಯ ಗ್ರೀಸನ್ನು ಲುಂಗಿಗೆ ಒರೆಸಿಕೊಂಡು, ಎದ್ದು ಹೋಗಿ, ಸಾಹೇಬರ ಮುಂದೆ ವಿನಯದಿಂದ ಕತ್ತು ಬಗ್ಗಿಸಿ ನಿಂತರು. ಸಾಹೇಬರು ಹಾರವನ್ನು ಕೈಗೆ ತೆಗೆದುಕೊಂಡು ಬಗ್ಗಿದ ಕತ್ತನ್ನೊಮ್ಮೆ, ಬೆಂಚನ್ನೊಮ್ಮೆ ನೋಡಿದರು. ಪಾಪ, ನಿಲ್ಲಲೂ ಆಗುತ್ತಿಲ್ಲ ಇವನಿಗೆ ಎಂದು ಭಾವನನ್ನು ಕುರ್ಚಿಯಲ್ಲಿ ಕೂರಿಸಿ, ಹಾರವನ್ನು ಬೆಂಚಿನ ಮೇಲೆ, ದೊಡ್ಡ ಜಾರಿನ ಕಡೆಯ ತುದಿಗೆ ಇಟ್ಟು ಕಣ್ಣು ಮುಚ್ಚಿ ನಿಂತರು. ಎಲ್ಲರೂ ಎದ್ದು ನಿಂತರು. ಭಾವನೂ ನಿಂತರು. ತಮ್ಮ ಮಿಕ್ಸಿಗೆ ಕಾರ್ಖಾನೆ ಇಷ್ಟು ಮರ್ಯಾದೆ ಕೊಡುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಈ ಮೌನದ ನಡುವೆ ಕಿಟಕಿಯಿಂದ ಅಕ್ಕ ನನ್ನನ್ನು ಕೈಬೀಸಿ ಕರೆದಳು.

“ಲೋ, ಸತ್ತಿದ್ದಾರೋ ಬದುಕಿದ್ದಾರೋ ಅಂತ ಅವರೆಲ್ಲ ಆಮೇಲೆ ತೀರ್ಮಾನ ಮಾಡ್ಕೊಳ್ಲಿ. ಮಾವನಿಗೆ ತಲೆ ಸುತ್ತುತ್ತಿದೆ. ಆ ಮೋಟರು, ಅದರ ಸಾಮಾನು, ತಳದ ಮುಚ್ಚಳ, ಒಂದು ಸಣ್ಣ ಜಾರು ಒಳಗೆ ತಾ. ನಾನೇ ಜೋಡಿಸ್ತೀನಿ.”

ನಾನು ಬೆಂಚಿನ ಬಳಿ ಬಗ್ಗಿ, ಹೊದಿಕೆಯ ಕೆಳಗೆ ಕೈ ಹಾಕಿ ತಡಕತೊಡಗಿದೆ. ಹಿಂದಿನಿಂದ ಹ್ಞಾ ಎಂಬ ಉದ್ಗಾರ ಬಂತು.

“ಹೆಣದ ಉಂಗುರಕ್ಕೆ ಕೈ ಹಾಕಿದಾನೆ!” ಎಂದರು ಯಾರೋ.

“ಸೊಸೆ ತಮ್ಮನಲ್ವಾ? ಅವಳೇ ಕಿಟಕಿಯಿಂದ ಸನ್ನೆ ಮಾಡಿದ್ದನ್ನ ನಾನು ನೋಡ್ದೆ.”

“ಮೈ ಇನ್ನೂ ಬೆಚ್ಚಗಿರುತ್ತೆ. ಛೀ!”

ನಾನು ಮೋಟರು, ಬ್ರಷ್ಷು, ಕಪ್ಲರು, ಸ್ಕ್ರೂಗಳನ್ನು ಅಂಗಿಯೊಳಗೆ ಸೇರಿಸಿಕೊಂಡು, ಮುಚ್ಚಳ, ಜಾರನ್ನು ಕಂಕುಳಲ್ಲಿ ಒತ್ತಿಕೊಂಡು, ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಒಳಗೆ ಹೋದೆ. ಒಬ್ಬರೂ ನನ್ನನ್ನು ತಡೆಯಲಿಲ್ಲ. ಅಂಥದ್ದು ಎಲ್ಲ ಮನೆಯಲ್ಲೂ ನಡೆಯುವುದೇ ಎಂದು ಸುಮ್ಮನಾದರು.

ಅಡುಗೆಮನೆಯಲ್ಲಿ ಅಕ್ಕ ನೆಲದ ಮೇಲೆ ಕೂತು ಚಾಕುವಿನ ತುದಿಯಿಂದಲೇ ಸ್ಕ್ರೂ ಬಿಗಿದು ಜೋಡಿಸಿದಳು. ಲೈನ್‌ಮನ್ನನ ಲೋಟದಿಂದ ನಾನು ತಂದ ಸ್ಪ್ರಿಂಗನ್ನು ತೊಳೆದು, ಒರೆಸಿ, ಬ್ರಷ್ಷಿನ ಹಿಂದೆ ಕೂರಿಸಿದಳು. ಒಂದು ಸ್ಕ್ರೂ ಮಿಕ್ಕಿತು, ಕಿಟಕಿಯಿಂದ ಆಚೆ ಎಸೆದಳು. ಟೀಚರ್ ಹೇಳಿದ್ದನ್ನು ನಾನು ಹೇಳಿದ ಮೇಲೆ ಮಿಕ್ಸಿಯನ್ನು ಬೋರಲು ಮಾಡಿ ಹಳದಿ ಚೀಟಿಯನ್ನು ಉಗುರಿನಿಂದ ಕೆರೆದು ಕಿತ್ತಳು. ಅಷ್ಟು ವರ್ಷದ ಕೋಪವೆಲ್ಲ ಆ ಉಗುರಿನಲ್ಲಿತ್ತು. ಕೆಂಪು ಗುಂಡಿ ಒತ್ತಿದಳು. ಟಿಕ್ ಎಂದಿತು.

ಇತ್ತ ಅಂಗಳಕ್ಕೆ ಸೋದರತ್ತೆ ಬಂದಿಳಿದರು, ಮಾವನ ತಂಗಿ. ಮಂಡಿನೋವಿನ ಸುಳಿವೇ ಇಲ್ಲದ ಹಾಗೆ ಗೇಟಿನಿಂದ ಬೆಂಚಿನವರೆಗೆ ಓಡಿಬಂದು, “ಅಣ್ಣಾ, ನನ್ನ ಬಿಟ್ಟು ಹೋದ್ಯಾ!” ಎಂದು ಎದೆ ಬಡಿದುಕೊಂಡರು. ಭಾವ ಈಗ ಗಲಿಬಿಲಿಗೊಂಡರು. ಮಿಕ್ಸಿಯನ್ನು ಅತ್ತೆ ಅಣ್ಣ ಎಂದದ್ದೇಕೆ ಎಂದು ಅವರು ಯೋಚಿಸುತ್ತಿರುವಾಗಲೇ ಕಿರಿಮಗ ಹೆಂಡತಿಯೊಂದಿಗೆ ಬಂದ. ಅವನ ಹೆಂಡತಿ ಬಂದವಳೇ ಬಾಗಿಲಲ್ಲಿ ಇಣುಕಿ, ಮಾವನ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆಯೆಂದು ನೋಡಿ, “ಈ ಕೋಣೆಗೆ ಗಾಳಿ ಚೆನ್ನಾಗಿ ಬರುತ್ತೆ ಅಲ್ವಾ?” ಎಂದು ಪಕ್ಕದವರನ್ನು ಕೇಳಿದಳು. ಕೋಣೆಯೊಳಗೆ ಮಾವ ಮಂಚದಲ್ಲಿ ಕೂತಿದ್ದರು. ಪರದೆ ಅಡ್ಡವಿತ್ತು.

“ಅಪ್ಪ ದೇವರಂಥ ಮನುಷ್ಯ,” ಎಂದು ಕಿರಿಮಗ ಬೆಂಚಿನ ಮುಂದೆ ಕುಸಿದು ಕೂತ. “ಒಂದ್ಸಲ ಬಂದು ನೋಡೋಕೂ ಆಗ್ಲಿಲ್ಲವಲ್ಲಪ್ಪಾ! ರಜ ಕೊಡ್ಲಿಲ್ಲವಲ್ಲಪ್ಪಾ!”

“ಎಂಥಾ ಮನುಷ್ಯ,” ಎಂದರು ಮೂಲೆಮನೆಯ ಹಿರಿಯರು. “ದಿನಾ ಮಾತಾಡಿಸ್ಬೇಕು ಅಂದ್ಕೊಳ್ತಿದ್ದೆ.”

ಆ ಕ್ಷಣಕ್ಕೆ ಸರಿಯಾಗಿ ನಾನು ಮೇನ್ ಸ್ವಿಚ್ ಹಾಕಿದೆ. ಅಕ್ಕ ಗುಬುಟು ತಿರುಗಿಸಿದಳು. ಮಿಕ್ಸಿ ಮನೆ ಹಾರಿಹೋಗುವಂತೆ ಬೊಬ್ಬೆ ಹಾಕಿತು.

ಅಂಗಳ ದಂಗುಬಡಿಯಿತು. ಸೋದರತ್ತೆಯ ಅಳು ಅರ್ಧಕ್ಕೇ ನಿಂತಿತು.

“ಹೆಣ ಇನ್ನೂ ಅಂಗಳದಲ್ಲಿದೆ, ಒಳಗೆ ಮಿಕ್ಸಿ ಹಾಕ್ತಾಳಾ? ಇಷ್ಟು ಆತುರಾನಾ ಅವಳಿಗೆ ಉಣ್ಣೋಕೆ? ಏನು ಸೊಸೆನಪ್ಪಾ ಇವಳು!” ಎಂದರು ಅವರು.

“ಮೊದ್ಲೇ ನಂಗೆ ಗೊತ್ತಿತ್ತು, ಅವಳ ತಮ್ಮ ಉಂಗುರ ತಗೊಂಡಾಗಲೇ,” ಎಂದರು ಇನ್ನೊಬ್ಬರು.

ಭಾವ ಮಾತ್ರ ಕುರ್ಚಿಯಿಂದ ಎಗರಿ ನಿಂತು, ಎರಡೂ ಕೈ ಮೇಲೆತ್ತಿ, “ಓಡ್ತು! ಓಡ್ತು! ನಾನು ಹೇಳಿರಲಿಲ್ವಾ?” ಎಂದು ಕುಣಿದರು. ಆಡಳಿತಾಧಿಕಾರಿಗಳು ಒಂದು ಹೆಜ್ಜೆ ಹಿಂದೆ ಸರಿದು ಕಾರಿನ ಕಡೆ ನೋಡಿದರು. ಕಿರಿಮಗನಿಗೆ ಅಣ್ಣನ ಕುಣಿತ ಸಹಿಸಲಾಗಲಿಲ್ಲ. “ಅಪ್ಪನ ಮುಖಾನಾದ್ರೂ ನೋಡೋ ನಾಚಿಕೆಗೆಟ್ಟವನೇ!” ಎಂದು ಕೂಗಿ ಹೊದಿಕೆಯನ್ನು ಎಳೆದು ಬಿಸಾಡಿದ.

ಹೊದಿಕೆಯಿಂದ ಕಳಚಿದ ಹಾರ ದೊಡ್ಡ ಜಾರಿನ ಕತ್ತಿಗೇ ಬಿತ್ತು. ಆಮೇಲೆ ರಬ್ಬರ್ ಕಾಲು, ಒಂದು ಹಳೆಯ ಬ್ಲೇಡು, ತಂತಿಯ ಚೂರು, ಸ್ಕ್ರೂ ಡ್ರೈವರು. ಇನ್ನೊಂದು ತುದಿಗೆ ಸಣ್ಣ ಜಾರು ಒಂಟಿಯಾಗಿ ನಿಂತಿತ್ತು.

ಒಳಗೆ ಮಿಕ್ಸಿ ನಿಂತಿತು. ಸ್ವಲ್ಪ ಹೊತ್ತಿಗೆ ಪರದೆ ಸರಿಯಿತು. ಮಾವ ಒಂದು ಕೈಯಲ್ಲಿ ಅಕ್ಕನ ಭುಜ, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಬಾಗಿಲಿಗೆ ಬಂದರು. ತುಟಿಯ ಮೇಲೆ ಬಟಾಣಿಯ ಹಸಿರು ಬಣ್ಣ ಹತ್ತಿತ್ತು. ಇಡೀ ಅಂಗಳವನ್ನು ಒಮ್ಮೆ ನೋಡಿದರು. ಬೀದಿಯವರು, ತಂಗಿ, ಕಿರಿಮಗ, ಕಿರಿಸೊಸೆ, ಕಾರಿನವರು. ಬೆಂಚಿನ ಮೇಲಿನ ಹಾರವನ್ನೂ ನೋಡಿದರು. ಆಮೇಲೆ ಬಟ್ಟಲಿದ್ದ ಕೈಯನ್ನೇ ಬೀಸಿ, ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತವರನ್ನು ಒಳಗೆ ಕಳಿಸುವ ಹಾಗೆ, ಬನ್ನಿ ಬನ್ನಿ, ಕೂತ್ಕೊಳ್ಳಿ ಎಂದು ಸನ್ನೆ ಮಾಡಿದರು.

“ಅಯ್ಯೋ, ಇದ್ದೀಯಾ!” ಎಂದರು ಸೋದರತ್ತೆ. ಅದರಲ್ಲಿ ಸಂತೋಷವಿತ್ತೋ ಏನೋ, ದೂರು ಮಾತ್ರ ಸ್ಪಷ್ಟವಾಗಿ ಕೇಳಿಸಿತು. “ಈ ಮಂಡಿ ಇಟ್ಕೊಂಡು ಆ ಬಸ್ಸಲ್ಲಿ ನಿಂತು ಬಂದೆನಲ್ಲೋ!”

ಒಬ್ಬರಾದರೂ ಕೂರಲಿಲ್ಲ. ಮೂಲೆಮನೆಯ ಹಿರಿಯರು ಒಲೆಯ ಮೇಲೆ ಹಾಲಿಟ್ಟು ಬಂದಿದ್ದು ನೆನಪಾಗಿ ಹೋದರು. ಸತ್ತರೆ ಸಂಜೆಯವರೆಗೂ ಇರುತ್ತಿದ್ದವರೆಲ್ಲ ಬದುಕಿದ್ದಾರೆಂದು ಗೊತ್ತಾದೊಡನೆ ಒಂದು ನಿಮಿಷವೂ ನಿಲ್ಲಲಿಲ್ಲ. ಉಂಗುರದ ವಿಷಯ ಎತ್ತಿದವರು ನನ್ನ ಮುಖ ನೋಡದೆ ಚಪ್ಪಲಿ ಹುಡುಕಿದರು. ಆಡಳಿತಾಧಿಕಾರಿಗಳು ಭಾವನ ಕಡೆ ತಿರುಗಿ, “ನಾಳೆ ಬಂದು ನನ್ನ ನೋಡಿ,” ಎಂದರು. ಅವರ ಡ್ರೈವರ್ ಜಾರಿನ ಮೇಲಿಂದ ಹಾರವನ್ನು ಎತ್ತಿಕೊಂಡು ಹೋದ, ಅದು ಕಾರ್ಖಾನೆಯದಂತೆ, ಬೇರೆಲ್ಲಾದರೂ ಬೇಕಾಗುತ್ತದಂತೆ. ಭಾವ ಬೆಂಚಿನ ತುದಿಗೆ ಕೂತು ಸ್ಕ್ರೂ ಡ್ರೈವರನ್ನು ಹಿಂದೆ ಮುಂದೆ ತಿರುಗಿಸುತ್ತಿದ್ದರು. ನೋಡಲಾಗುತ್ತಿರಲಿಲ್ಲ ಅವರ ಮುಖ. ಆದರೂ ನನಗೆ ಕನಿಕರ ಬರಲಿಲ್ಲ.

ಕೊನೆಗೆ ಉಳಿದದ್ದು ಕಿರಿಮಗ, ಅವನ ಹೆಂಡತಿ. ಮಾವ ಅವನ ಕೈ ಹಿಡಿದು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದರು. ಕೈ ಬಿಡಿಸಿಕೊಳ್ಳಲು ಆಗದೆ ಅವನು ಚಡಪಡಿಸುತ್ತಿದ್ದ. ಅವನ ಕಣ್ಣಲ್ಲಿ ಇನ್ನೂ ನೀರಿತ್ತು, ಅದು ನಿಜವಾದ ನೀರೇ. ಆದರೆ ಯಾವುದಕ್ಕೆ ಬಂದದ್ದೆಂದು ಅವನ ಮಾತು ಕೇಳಿದ ಮೇಲೆ ತಿಳಿಯಿತು.

“ಏನಣ್ಣ ಇದು, ನೀನು ನನ್ನ ಬಾಳೇ ಹಾಳು ಮಾಡ್ಬಿಟ್ಟೆ!”

“ನಾನೇನು ಮಾಡ್ದೆ? ಮಿಕ್ಸಿ ಬಿಚ್ಚಿದೆ, ಅಷ್ಟೇ,” ಎಂದರು ಭಾವ.

“ನಾನು ನಮ್ಮ ಗೋದಾಮಿನ ಸಾಹೇಬ್ರ ಮುಂದೆ ಅತ್ಕೊಂಡು ಅಪ್ಪ ತೀರ್ಕೊಂಡ್ರು ಅಂದೆ. ಅವರೂ ಕಣ್ಣೀರು ಹಾಕಿ ರಜ ಕೊಟ್ರು. ಈಗ ಹೋಗಿ ಏನನ್ಲಿ? ಬದುಕಿದ್ದಾರೆ ಅಂದ್ರೆ ಸುಳ್ಳು ಹೇಳ್ದ ಅಂತ ಕೆಲಸದಿಂದ ಕಿತ್ತು ಹಾಕ್ತಾರೆ.”

“ಹಾಗಾದ್ರೆ ಹೇಳ್ಬೇಡ.”

“ಹೇಳ್ದೆ ಇದ್ರೆ ಅಲ್ಲಿ ಅಪ್ಪ ಸತ್ತ ಹಾಗೇ ಲೆಕ್ಕ. ಅಪ್ಪ ಸತ್ರೆ ನಮ್ಮಲ್ಲಿ ರಜ ಕೊಡೋದು ಒಂದೇ ಸಲ. ಎರಡನೇ ಸಲ ಅಪ್ಪ ಸತ್ತ ಅಂತ ಹೋಗಿ ನಿಂತ್ರೆ ಕೊಡ್ತಾರಾ? ಮುಂದೆ ನಿಜವಾಗ್ಲೂ ಆವತ್ತು ಬಂದಾಗ...” ಅವನು ಅಪ್ಪನ ಕಡೆ ನೋಡಿದ, ನೋಡಿಯೂ ಮಾತು ನಿಲ್ಲಿಸಲಿಲ್ಲ. “ಆವತ್ತು ನನಗೆ ಬರೋಕಾಗಲ್ಲ ಅಣ್ಣ. ಎಲ್ಲ ನೀನೇ ನೋಡ್ಕೋಬೇಕು. ರಿಟೈರ್ ಆಗೋ ತನಕ ನನಗೆ ಇನ್ನು ಆ ರಜ ಇಲ್ಲ.”

“ಈಗ ಸಿಕ್ಕಿರೋ ರಜದಲ್ಲಾದ್ರೂ ಅಪ್ಪನ ಹತ್ರ ಇರ್ಬಹುದಲ್ಲ?” ಎಂದೆ ನಾನು.

ಉತ್ತರ ಕೊಟ್ಟವಳು ಅವನ ಹೆಂಡತಿ. “ಹೇಗಿದ್ರೂ ಸಿಕ್ಕಿದೆ, ಮಕ್ಕಳನ್ನ ಎಲ್ಲಾದ್ರೂ ಸುತ್ತಾಡಿಸ್ಕೊಂಡು ಬರೋಣ ಅಂತ. ಬಸ್ಸು ಸಿಗುತ್ತೋ ಇಲ್ವೋ, ಏಳ್ರೀ,” ಎಂದಳು.

ಅಕ್ಕ ಗೋಡೆಗೆ ಒರಗಿ ನಿಂತಿದ್ದಳು. ಅವಳು ಬಾಯಿ ತೆರೆದರೆ ಅಂದು ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಮಾವ ಮಗನ ಕೈಯನ್ನು ಮೆಲ್ಲನೆ ಬಿಟ್ಟರು. ಬಟ್ಟಲಿನ ತಳವನ್ನು ಚಮಚದಿಂದ ಬಳಿದು, ಕೊನೆಯ ತೊಟ್ಟನ್ನೂ ನುಂಗಿದರು. ನುಂಗುವಾಗ ನೋವಾಗಿ ಕಣ್ಣು ಮುಚ್ಚಿಕೊಂಡರು. ಆಮೇಲೆ ಖಾಲಿ ಬಟ್ಟಲನ್ನು ಅಕ್ಕನ ಕಡೆ ಚಾಚಿ, ಗಂಟಲಿನಲ್ಲಿ ಎಷ್ಟು ಸದ್ದಿತ್ತೋ ಅಷ್ಟನ್ನೂ ಒಟ್ಟುಮಾಡಿ ಪಿಸುಗುಟ್ಟಿದರು.

“ಇನ್ನೊಂದು ಬಟ್ಲು ಹಾಕಮ್ಮ. ಇವನು ರಿಟೈರ್ ಆಗೋ ತನಕ ನಾನು ಇರ್ಬೇಕಂತೆ.”